ಬೇಲಿ ದಾಟುವ ನೀರು

"ಬಚ್ಚಲ ನೀರಿಂದ ಏನ್ ಅಷ್ಟ ಚಿಂತಿ ಹಚ್ಕೊಂಡಿ ತಂಗಿ? ಗಟಾರ ಐತಿ, ಹರದ ಹೋಗತೈತಿ" ಎಂದರು ಬೇಲಿಯಾಚೆಯ ಅಕ್ಕ. ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. "ಹರದ ಎಲ್ಲಿಗೆ ಹೋಗತೈತಿ ಅಕ್ಕಾ?" ಎಂದೆ. ಕೈ ಚಾಚಿ ಕೆಳಗಿನ ಓಣಿ ತೋರಿಸಿದರು. ನಮ್ಮ ಕಡೆಯ ಯಾವ ಊರಿಗಾದರೂ ಹೋಗಿ ಕೇಳಿ, ಕೆಳಗಿನ ಓಣಿಯವರು ಗದ್ದೆಯ ಕಡೆ ತೋರಿಸುತ್ತಾರೆ. ಗದ್ದೆಯವರು ಹಳ್ಳದ ಕಡೆ ತೋರಿಸುತ್ತಾರೆ. ಎಷ್ಟೋ ಊರುಗಳಲ್ಲಿ ಆ ಹಳ್ಳದ ದಂಡೆಯಲ್ಲೇ ಊರಿಗೆ ನೀರು ಕೊಡುವ ಬಾವಿಯೋ ಬೋರೋ ಇರುತ್ತದೆ. ಅಲ್ಲಿಂದ ಮೋಟಾರು ಹಾಕಿ ನೀರನ್ನು ಟಾಕಿಗೆ ಏರಿಸುತ್ತೇವೆ, ಟಾಕಿಯಿಂದ ಮನೆಯ ನಲ್ಲಿಗೆ ಬಿಡುತ್ತೇವೆ.

ಮುಂಡಗೋಡ ತಾಲೂಕಿನ ನಮ್ಮ ಚಿಗಳ್ಳಿ ಹೊರಗಿನವರಿಗೆ ಗೊತ್ತಿರುವುದು ದೀಪನಾಥೇಶ್ವರ ದೇವಸ್ಥಾನದ ದೀಪಗಳಿಂದ, ಇಲ್ಲವೇ 2019ರ ಆಗಸ್ಟ್ ಮಳೆಗೆ ಜಲಾಶಯದ ಒಡ್ಡು ಒಡೆದ ಸುದ್ದಿಯಿಂದ. ಒಡ್ಡು ಒಡೆದರೆ ಪತ್ರಿಕೆಯವರು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ. ಮನೆ ಮನೆಯ ಹಿತ್ತಲಿನಿಂದ ದಿನವೂ ಹೊರಬೀಳುವ ನೀರನ್ನು ನೋಡಲು ಯಾರೂ ಬರುವುದಿಲ್ಲ. ಅದನ್ನು ನೋಡಬೇಕಾದವರು ಬೇಲಿಯ ಈಚೆ ಆಚೆ ಇರುವ ನಾವೇ.

ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂಬ ಮಾತಿಗೆ ನಮ್ಮ ಅವ್ವನ ಕಾಲದಲ್ಲಿ ಅರ್ಥವಿರಲಿಲ್ಲ. ಬಾವಿಯಿಂದ ಕೊಡ ಹೊತ್ತು ತಂದ ನೀರನ್ನು ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ಅಕ್ಕಿ ತೊಳೆದ ನೀರು ದನದ ಕಲಗಚ್ಚಿಗೆ, ಬಚ್ಚಲದ್ದು ಬಾಳೆಯ ಬುಡಕ್ಕೆ. ಬಾಳೆ ಕುಡಿಯುವಷ್ಟೇ ನೀರು ಇರುತ್ತಿತ್ತು. ಈಗ ಮನೆ ಮನೆಗೆ ನಲ್ಲಿ ಬಂದಿದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕ ಇಟ್ಟುಕೊಂಡಿದೆ. ಐದು ಜನರ ಮನೆಗೆ 275 ಲೀಟರ್ ಆಯಿತು. ಕುಡಿದದ್ದು, ಬೇಯಿಸಿದ್ದು, ಗಿಡಕ್ಕೆ ಹಾಕಿದ್ದು ಬಿಟ್ಟರೂ ಇನ್ನೂರು ಲೀಟರಿನಷ್ಟು ಮತ್ತೆ ಹೊರಗೆ ಬರುತ್ತದೆ. ಮುನ್ನೂರು ಮನೆಯ ಊರಾದರೆ ದಿನಕ್ಕೆ ಅರವತ್ತು ಸಾವಿರ ಲೀಟರ್. ನೀರು ತರುವ ಪೈಪಿಗೆ ಯೋಜನೆ ಇತ್ತು, ಅಳತೆ ಇತ್ತು, ಉದ್ಘಾಟನೆಯೂ ಆಯಿತು. ಒಳಗೆ ಬಂದ ನೀರು ಹೊರಗೆ ಹೋಗುವ ದಾರಿಯನ್ನು ಮಾತ್ರ ಗಟಾರದ ಪಾಲಿಗೆ ಬಿಟ್ಟೆವು.

ಗಟಾರದ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕಾಂಕ್ರೀಟ್ ಗಟಾರ ನೀರನ್ನು ಸಾಗಿಸುತ್ತದೆ, ಸ್ವಚ್ಛ ಮಾಡುವುದಿಲ್ಲ. ನೆಲಕ್ಕೆ ಇಂಗುತ್ತಿದ್ದ ನೀರನ್ನೂ ಸಿಮೆಂಟು ಹಾಕಿ ತಡೆದು ಒಂದೇ ಕಡೆ ತಂದು ನಿಲ್ಲಿಸುತ್ತದೆ. ಇಳಿಜಾರು ಸರಿಯಿಲ್ಲದ ಕಡೆ, ಪ್ಲಾಸ್ಟಿಕ್ ಕಟ್ಟಿಕೊಂಡ ಕಡೆ ನಿಂತೇಬಿಡುತ್ತದೆ. ನಿಂತ ಕೊಳೆ ನೀರಿನಲ್ಲಿ ಹುಟ್ಟುವುದು ಕ್ಯೂಲೆಕ್ಸ್ ಸೊಳ್ಳೆ, ಆನೆಕಾಲು ರೋಗ ಹರಡುವ ಜಾತಿಯದು. ಡೆಂಗಿ ತರುವ ಈಡಿಸ್ ಸೊಳ್ಳೆಗೆ ಬೇಕಾದದ್ದು ತಿಳಿ ನೀರು. ಅದು ನಮ್ಮ ಬ್ಯಾರಲ್ಲಿನಲ್ಲಿ, ಒಡೆದ ಟಯರಿನಲ್ಲಿ ಬೆಳೆಯುತ್ತದೆ. ಡೆಂಗಿ ಬಂದಾಗ ಗಟಾರಕ್ಕೆ ಪುಡಿ ಎರಚಿ ಬ್ಯಾರಲ್ ಮುಚ್ಚದೆ ಬಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

"ಹಂಗಾರ ಪ್ಯಾಟಿಯಂಗ ನೆಲದಾಗ ಪೈಪ ಹಾಕಿ ಎಲ್ಲಾರ ನೀರು ಒಂದ ಕಡೆ ಒಯ್ಯಬೇಕೇನ?" ಎಂದು ಅಕ್ಕ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ದೊಡ್ಡ ಊರುಗಳ ಒಳಚರಂಡಿಯಲ್ಲಿ ಹೆಚ್ಚಿನ ದುಡ್ಡು ಹೋಗುವುದು ನೀರನ್ನು ಸ್ವಚ್ಛ ಮಾಡುವ ಘಟಕಕ್ಕಲ್ಲ, ಅಲ್ಲಿಗೆ ಒಯ್ಯುವ ಪೈಪಿಗೆ. ಆಳದ ಅಗೆತ, ಮ್ಯಾನ್‌ಹೋಲು, ತಗ್ಗಿನಿಂದ ಎತ್ತಲು ಪಂಪು, ಪಂಪಿಗೆ ಕರೆಂಟು. ಮನೆಗಳು ದೂರ ದೂರ ಇರುವ ಹಳ್ಳಿಯಲ್ಲಿ ಒಂದೊಂದು ಮನೆಗೆ ಬೀಳುವ ಪೈಪಿನ ಉದ್ದ ಇನ್ನೂ ಹೆಚ್ಚು. ಸ್ವಚ್ಛ ಭಾರತ ಮಿಷನ್ನಿನ ಎರಡನೆಯ ಹಂತದಲ್ಲಿ ಐದು ಸಾವಿರದೊಳಗಿನ ಜನಸಂಖ್ಯೆಯ ಊರಿಗೆ ಬೂದು ನೀರಿನ, ಅಂದರೆ ಬಚ್ಚಲು, ಮುಸುರೆಯ ನೀರಿನ ಕೆಲಸಕ್ಕೆಂದು ನಿಗದಿಯಾದದ್ದು ತಲೆಗೆ 280 ರೂಪಾಯಿ. ಸಾವಿರದೈನೂರು ಜನರ ಊರಿಗೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರ. ಆ ದುಡ್ಡಿನಲ್ಲಿ ಪೇಟೆಯಂಥ ಒಳಚರಂಡಿ ಕನಸಿನ ಮಾತು. ಆದರೆ ನೀರನ್ನು ಹುಟ್ಟಿದ ಜಾಗದ ಹತ್ತಿರವೇ ಮುಗಿಸುವುದಾದರೆ ಅದರಲ್ಲಿ ಬಹಳ ಕೆಲಸವಾಗುತ್ತದೆ. ನಾನು ಬೇಲಿಯ ಮೇಲೆ ಕೈಯೂರಿ ಅಕ್ಕನಿಗೆ ಹೇಳಹೊರಟದ್ದು ಇದನ್ನೇ: ಹಿತ್ತಲಿದ್ದವರದು ಹಿತ್ತಲಲ್ಲಿ, ಹಿತ್ತಲಿಲ್ಲದವರದು ಓಣಿಯ ತುದಿಯಲ್ಲಿ.

ಹಿತ್ತಲಿದ್ದವರಿಗೆ ಬಚ್ಚಲು ಗುಂಡಿ ಇದೆ. ಉದ್ಯೋಗ ಖಾತ್ರಿಯಲ್ಲಿ ರಾಜ್ಯವೆಲ್ಲ ಅಭಿಯಾನ ಮಾಡಿ ತೋಡಿಸಿದ್ದು ಇದನ್ನೇ. ಮೂರು ನಾಲ್ಕು ಅಡಿ ಅಗಲ, ಅಷ್ಟೇ ಆಳ, ತಳಕ್ಕೆ ದೊಡ್ಡ ಕಲ್ಲು, ಮೇಲೆ ಸಣ್ಣ ಜಲ್ಲಿ. ಬೀದರದ ಆಚೆ ಮಹಾರಾಷ್ಟ್ರದ ನಾಂದೇಡ ಜಿಲ್ಲೆಯಲ್ಲಿ ಟೆಂಭುರ್ಣಿ ಅಂತ ಒಂದು ಹಳ್ಳಿ. ಅಲ್ಲಿ ಪ್ರತಿ ಮನೆಗೂ ಇಂಥ ಗುಂಡಿ ಮಾಡಿ ಗಟಾರಗಳನ್ನೇ ಮುಚ್ಚಿದರು. ಕೊಳೆ ನೀರು ನಿಲ್ಲುವುದು ತಪ್ಪಿತು, ಸೊಳ್ಳೆಯ ಕಾಟ ಇಳಿಯಿತು. ಸುತ್ತಲಿನ ಊರುಗಳು ನೋಡಿ ಕಲಿತವು. ಅದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಆದರೆ ಒಂದು ಮನೆಯೂ ಬಿಡದೆ ಮಾಡಬೇಕು. ಇಡೀ ಓಣಿ ಗುಂಡಿ ಮಾಡಿಕೊಂಡು ನಡುವೆ ಎರಡು ಮನೆಯವರು ರಸ್ತೆಗೆ ಬಿಟ್ಟರೆ ಸೊಳ್ಳೆಗೆ ಆ ಎರಡು ಮನೆಯ ನೀರೇ ಸಾಕು.

ಈ ಗುಂಡಿಗಳು ಎರಡು ವರ್ಷಕ್ಕೆ ಕಟ್ಟಿಕೊಂಡು ಕೂರುತ್ತವೆ ಎಂಬ ದೂರು ಎಲ್ಲ ಕಡೆ ಇದೆ. ಕಾರಣ ಅಕ್ಕನ ಮುಸುರೆ ಪಾತ್ರೆಯಲ್ಲೇ ಇತ್ತು. ಬೂದಿ, ಎಣ್ಣೆ ಜಿಡ್ಡು, ಅನ್ನದ ಅಗುಳು, ಕೂದಲು, ಎಲ್ಲ ನೇರ ಗುಂಡಿಗೆ ಹೋದರೆ ಕಲ್ಲಿನ ಸಂದು ಮುಚ್ಚಿ, ಮಣ್ಣಿನ ಬಾಯಿಗೆ ಜಿಡ್ಡಿನ ಪದರ ಕೂತು, ನೀರು ಇಂಗುವುದು ನಿಲ್ಲುತ್ತದೆ. ಗುಂಡಿಗೂ ಬಚ್ಚಲಿಗೂ ನಡುವೆ ಒಂದು ಸಣ್ಣ ತೊಟ್ಟಿ ಕಟ್ಟಬೇಕು. ನೀರು ಅದರಲ್ಲಿ ತುಸು ನಿಂತು ಮೇಲಿನ ತಿಳಿ ಮಾತ್ರ ಮುಂದೆ ಹೋಗಬೇಕು, ತಳದ ಕೆಸರು ವಾರಕ್ಕೊಮ್ಮೆ ಬಳಿದು ಗೊಬ್ಬರದ ತಿಪ್ಪೆಗೆ ಹಾಕಬೇಕು. ಇಟ್ಟಂಗಿ ನಾಲ್ಕು ಸಾಲು, ಒಂದು ಮುಚ್ಚಳ, ಅಷ್ಟೇ ಖರ್ಚು. ಆ ತೊಟ್ಟಿ ಇಲ್ಲದ ಬಚ್ಚಲು ಗುಂಡಿ ಕಟ್ಟಿಸುವುದೂ ಒಂದೇ, ಕಟ್ಟಿಸದಿರುವುದೂ ಒಂದೇ.

ಇನ್ನು ನಮ್ಮ ನೆಲದ ಮಾತು. ಮುಂಡಗೋಡ ತಾಲೂಕು ಅರೆಮಲೆನಾಡು. ಜುಲೈನಲ್ಲಿ ಭತ್ತದ ಗದ್ದೆ ತುಂಬಿ ನಿಂತಾಗ ಅಂತರ್ಜಲ ಹಿತ್ತಲಿನ ಕಾಲಡಿಗೇ ಬಂದಿರುತ್ತದೆ. ಎರೆಮಣ್ಣಿರುವ ಕಡೆ ಗುಂಡಿ ತೋಡಿದರೆ ನೀರು ಇಂಗುವ ಬದಲು ಒಳಗಿನಿಂದಲೇ ಜಿನುಗಿ ತುಂಬುತ್ತದೆ. ಅಲ್ಲಿ ಆಳಕ್ಕೆ ಹೋಗುವುದೇ ತಪ್ಪು. ಎರಡಡಿಗಿಂತ ಕಡಿಮೆ ಆಳದ ಉದ್ದನೆಯ ತೋಡು ಮಾಡಿ, ಜಲ್ಲಿ ತುಂಬಿ, ಎರಡೂ ಮಗ್ಗುಲಿಗೆ ಬಾಳೆ, ಕೆಸು, ಕಾಬಾಳೆ ನೆಟ್ಟರೆ ಗಿಡಗಳೇ ನೀರು ಎತ್ತುತ್ತವೆ. ಮಣ್ಣಿನ ಮೇಲ್ಪದರದಲ್ಲಿ ಗಾಳಿ ಇದೆ, ಕೊಳೆ ತಿನ್ನುವ ಜೀವಿಗಳಿವೆ. ಹತ್ತು ಅಡಿ ಕೆಳಗೆ ಅವೆರಡೂ ಕಡಿಮೆ. ಅವ್ವನ ಕಾಲದ ಬಾಳೆಯ ಬುಡ ಈ ಕೆಲಸವನ್ನೇ ಮಾಡುತ್ತಿತ್ತು. ಈಗ ನೀರು ಹೆಚ್ಚಾದ್ದರಿಂದ ಬುಡಗಳೂ ಹೆಚ್ಚಬೇಕು.

ಬಚ್ಚಲ ನೀರಿನ ಹರಟೆ ಹೀಗೆ ಸಲೀಸಾಗಿ ಸಾಗಿತು. ಸಂಡಾಸದ ಮಾತು ಬಂದಾಗ ಅಕ್ಕ ದನಿ ತಗ್ಗಿಸಿದರು. "ನಮ್ಮ ಗುಂಡಿ ಚಲೋ ಆಳ ತೆಗಸೇವಿ, ಹದಿನೆಂಟ ಫೂಟ. ನಮ್ಮ ಜೀವಮಾನದಾಗ ತುಂಬೂದಿಲ್ಲ." ಹೀಗೆ ಹೆಮ್ಮೆಯಿಂದ ಹೇಳುವವರು ಊರಿಗೊಬ್ಬರಲ್ಲ, ಓಣಿಗೊಬ್ಬರಿದ್ದಾರೆ. ತುಂಬದ ಗುಂಡಿ ಎಂದರೆ ಒಳಗಿನದು ಅಂತರ್ಜಲಕ್ಕೆ ಸೇರುತ್ತಿರುವ ಗುಂಡಿ. ಹದಿನೆಂಟು ಅಡಿಗೆ ಮಳೆಗಾಲದಲ್ಲಿ ನಮ್ಮ ಕಡೆ ನೀರಿರುತ್ತದೆ. ಬೇಲಿಯ ಈಚೆ ಇರುವ ನನ್ನ ಬಾವಿಗೂ ಅದೇ ನೀರು. ಮುಳ್ಳು ಬೇಲಿ ದನವನ್ನು ತಡೆಯುತ್ತದೆ, ಮಣ್ಣೊಳಗಿನ ನೀರಿಗೆ ಬೇಲಿಯಿಲ್ಲ. ರೋಗಾಣುಗಳನ್ನು ಒಂದಿಷ್ಟು ದೂರದ ಮಣ್ಣು ಸೋಸಬಲ್ಲದು. ಆದ್ದರಿಂದಲೇ ಬಾವಿಗೂ ಗುಂಡಿಗೂ ಕನಿಷ್ಠ ಹತ್ತು ಮೀಟರ್ ಅಂತರ ಇರಲಿ ಅನ್ನುತ್ತಾರೆ. ನೈಟ್ರೇಟನ್ನು ಮಣ್ಣು ಹಾಗೆ ತಡೆಯಲಾರದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ದಾಟಿದರೆ ಎಳೆಯ ಕೂಸುಗಳ ರಕ್ತಕ್ಕೆ ಉಸಿರು ಹೊರುವ ಶಕ್ತಿ ಕುಗ್ಗುತ್ತದೆ. ಇದನ್ನೆಲ್ಲ ನಾನು ಅಕ್ಕನಿಗೆ ಹೇಳಿದೆ, ಜಗಳಕ್ಕಲ್ಲ. ಅವರ ಮೊಮ್ಮಗಳೂ ಅದೇ ನೀರು ಕುಡಿಯುತ್ತಾಳೆ.

ಆಳದ ಒಂದು ಗುಂಡಿಯ ಬದಲು ಮೇಲ್ಮಟ್ಟದ ಎರಡು ಗುಂಡಿ, ಇದೇ ಹಳ್ಳಿಗೆ ಒದಗಿದ ಅತ್ಯಂತ ಒಳ್ಳೆಯ ಉಪಾಯ ಎಂಬುದು ನನ್ನ ಗಟ್ಟಿ ನಂಬಿಕೆ. 1970ರಲ್ಲಿ ಬಿಹಾರದಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ ದೇಶಕ್ಕೆಲ್ಲ ಸಾರಿದ್ದು ಇದನ್ನು. ಒಂದೊಂದೂ ಮೀಟರಿನ ಆಸುಪಾಸು ಅಗಲ, ಅಷ್ಟೇ ಆಳ. ಗೋಡೆಗೆ ಸಂದು ಬಿಟ್ಟ ಇಟ್ಟಂಗಿ, ತಳ ಮಣ್ಣಿನದೇ. ಎರಡರ ನಡುವೆ ಒಂದು ಮೀಟರ್ ಜಾಗ. ಸಂಡಾಸದಿಂದ ಬರುವ ಪೈಪು ಒಂದು ಸಣ್ಣ ಚೌಕದಲ್ಲಿ ಕವಲೊಡೆಯುತ್ತದೆ. ಒಂದು ಕವಲನ್ನು ಇಟ್ಟಂಗಿ, ಮಣ್ಣು ಹಾಕಿ ಮುಚ್ಚಿರಬೇಕು. ತೆರೆದಿರುವ ಗುಂಡಿ ನಾಲ್ಕೈದು ವರ್ಷಕ್ಕೆ ತುಂಬಿದಾಗ ಕವಲು ಬದಲಿಸಿದರೆ ಆಯಿತು. ಮೊದಲನೆಯದು ಒಂದೂವರೆ ಎರಡು ವರ್ಷ ಸುಮ್ಮನೆ ಬಿದ್ದಿದ್ದರೆ ಒಳಗಿರುವುದು ವಾಸನೆಯಿಲ್ಲದ ಕರಿ ಮಣ್ಣು, ತೋಟಕ್ಕೆ ಗೊಬ್ಬರ. ಗಾಡಿ ಕರೆಸಬೇಕಿಲ್ಲ, ಯಾರನ್ನೂ ಗುಂಡಿಗೆ ಇಳಿಸಬೇಕಿಲ್ಲ.

ಇಷ್ಟು ಸರಳವಾದದ್ದನ್ನೂ ಕಟ್ಟುವಾಗ ಕೆಡಿಸಿದ್ದೇವೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಗಿ, ಶೌಚಾಲಯಕ್ಕೆ ಹನ್ನೆರಡು ಸಾವಿರ ರೂಪಾಯಿ ಬಂದಾಗ ಗಡಿಬಿಡಿಯಲ್ಲಿ ಕಟ್ಟಿದವುಗಳಲ್ಲಿ ಎಷ್ಟೋ ಕಡೆ ಎರಡೂ ಕವಲು ತೆರೆದೇ ಇವೆ. ಕೆಲವು ಕಡೆ ಮೊದಲ ಗುಂಡಿ ತುಂಬಿ ಎರಡನೆಯದಕ್ಕೆ ಉಕ್ಕಲಿ ಎಂದು ಎರಡನ್ನೂ ಪೈಪಿನಿಂದ ಜೋಡಿಸಿದ್ದಾರೆ. ಎರಡೂ ಒಟ್ಟಿಗೆ ತುಂಬುತ್ತವೆ, ಎರಡೂ ಹಸಿಯಾಗಿಯೇ ಇರುತ್ತವೆ, ಆಮೇಲೆ ತೆಗೆಯಲು ಮನುಷ್ಯನನ್ನು ಹುಡುಕುತ್ತಾರೆ. ಗೌಂಡಿಯನ್ನು ಯಾರಾದರೂ ಒಂದು ದಿನ ಕೂರಿಸಿ ಯಾಕೆ ಎರಡು ಗುಂಡಿ ಎಂದು ತಿಳಿಸಿ ಹೇಳಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಆ ಮನುಷ್ಯನನ್ನು ಹುಡುಕುವ ಮಾತು ನನ್ನನ್ನು ಸವಣೂರಿಗೆ ಒಯ್ಯುತ್ತದೆ. ನಮ್ಮ ಮಗ್ಗುಲ ಹಾವೇರಿ ಜಿಲ್ಲೆಯ ಊರು ಅದು. 2010ರ ಜುಲೈನಲ್ಲಿ ಅಲ್ಲಿನ ಭಂಗಿ ಸಮುದಾಯದವರು, ತಲೆಮಾರುಗಳಿಂದ ಊರಿನ ಮಲ ಹೊತ್ತವರು, ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸಹೊರಟಾಗ ಸಾರ್ವಜನಿಕವಾಗಿ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಇಡೀ ಕರ್ನಾಟಕ ಆ ಚಿತ್ರ ನೋಡಿತು. ತಲೆಯ ಮೇಲೆ ಮಲ ಹೊರುವುದನ್ನು ಎಪ್ಪತ್ತರ ದಶಕದಲ್ಲೇ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧಿಸಿದ್ದ ರಾಜ್ಯ ನಮ್ಮದು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಕೆಲಸವನ್ನು ದೇಶದಿಂದಲೇ ತೊಲಗಿಸಲು ದುಡಿದು 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಾಮಗ್ರಿಯಿಲ್ಲದೆ ಯಾರನ್ನಾದರೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಜೈಲಿಗೆ ಹೋಗುವಂಥ ಅಪರಾಧ. ಹೀಗೆ ಸತ್ತವರ ಮನೆಯವರಿಗೆ ಕೊಡುವ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಮುಚ್ಚಿದ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡಿರುತ್ತದೆ. ಹೆಚ್ಚಾದರೆ ಅದರ ವಾಸನೆಯೂ ಮೂಗಿಗೆ ತಿಳಿಯದೆ ಹೋಗುತ್ತದೆ, ಇಳಿದವನು ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ಅಗ್ಗದ ವ್ಯವಸ್ಥೆ ಎಂದು ನಾನು ಹೇಳುವಾಗ ಇನ್ನೊಬ್ಬರ ಜೀವ ಅಗ್ಗವಾಗುವ ವ್ಯವಸ್ಥೆ ಅದರಲ್ಲಿ ಸೇರಿಲ್ಲ.

ಸೆಪ್ಟಿಕ್ ಟ್ಯಾಂಕು ಈಗಾಗಲೇ ಕಟ್ಟಿಸಿದವರಿದ್ದಾರೆ. ಅವರು ಅದನ್ನು ಎರಡು ಮೂರು ವರ್ಷಕ್ಕೊಮ್ಮೆ ಗಾಡಿಯಿಂದ ಹೀರಿಸಬೇಕು. ಟ್ಯಾಂಕಿನಿಂದ ಹೊರಬರುವ ನೀರು ಕಣ್ಣಿಗೆ ತಿಳಿಯಾಗಿದ್ದರೂ ರೋಗಾಣು ಹೊತ್ತೇ ಬರುತ್ತದೆ, ಅದನ್ನು ಗಟಾರಕ್ಕೆ ಬಿಡದೆ ಇಂಗು ಗುಂಡಿಗೆ ಬಿಡಬೇಕು. ಹಾಗಾದರೆ ಗಾಡಿ ಹೀರಿದ್ದನ್ನು ಎಲ್ಲಿಗೆ ಒಯ್ಯುತ್ತದೆ? ಬೆಂಗಳೂರಿನ ಹತ್ತಿರದ ದೇವನಹಳ್ಳಿ 2015ರಲ್ಲೇ ಇದಕ್ಕೆ ಉತ್ತರ ಕೊಟ್ಟಿದೆ. ಆಗ ಒಳಚರಂಡಿಯೇ ಇಲ್ಲದ ಆ ಪಟ್ಟಣಕ್ಕೆ ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯದ ಮಲತ್ಯಾಜ್ಯ ಘಟಕ ಕಟ್ಟಿದರು. ದೇಶದಲ್ಲಿ ಪಟ್ಟಣವೊಂದಕ್ಕೆ ಮೊದಲು ಬಂದ ಇಂಥ ಘಟಕ ಅದು. ಇಳಿಜಾರಿನಲ್ಲಿ ತಾನಾಗಿ ಹರಿದು, ಗಟ್ಟಿ ಭಾಗ ಒಣಗುವ ಪಾತಿಗೆ, ನೀರಿನ ಭಾಗ ಜಲ್ಲಿಯಲ್ಲಿ ಬೆಳೆಸಿದ ಗಿಡಗಳ ಪಾತಿಗೆ ಹೋಗುತ್ತದೆ. ಒಣಗಿದ್ದನ್ನು ಊರಿನ ಹಸಿ ಕಸದೊಂದಿಗೆ ಕೊಳೆಸಿ ರೈತರಿಗೆ ಗೊಬ್ಬರ ಮಾಡಿಕೊಟ್ಟರು. ದಕ್ಷಿಣ ಕನ್ನಡದ ಉಜಿರೆ, ಉಡುಪಿ ಜಿಲ್ಲೆಯ ನಿಟ್ಟೆಯಂಥ ಪಂಚಾಯತಿಗಳಿಗೂ ಆಮೇಲೆ ಈ ಬಗೆಯ ಘಟಕ ಬಂತು. ಸುತ್ತಲಿನ ಹಲವು ಪಂಚಾಯತಿಗಳ ಗಾಡಿಗಳು ಒಂದೇ ಘಟಕಕ್ಕೆ ಬರಬಹುದು. ಮುಂಡಗೋಡ, ಹಳಿಯಾಳ, ಜೋಯಿಡಾ, ದಾಂಡೇಲಿ ನಾಲ್ಕೂ ತಾಲೂಕುಗಳಿಗೆ ಇದು ಹೊಂದುವ ದಾರಿ. ಅದರಲ್ಲೂ ಕಾಳಿ ನದಿಯ ದಂಡೆಯಲ್ಲಿ ಹೋಮ್‌ಸ್ಟೇ, ರೆಸಾರ್ಟುಗಳು ಹೆಚ್ಚುತ್ತಿರುವ ಕಡೆ ಇದನ್ನು ಮುಂದೂಡುವುದು ನದಿಗೆ ಮಾಡುವ ಅನ್ಯಾಯ.

ಹಿತ್ತಲೇ ಇಲ್ಲದ ಓಣಿಗಳ ಗತಿಯೇನು ಎಂದು ಅಕ್ಕ ಕೇಳದಿದ್ದರೂ ನಾನೇ ತೆಗೆದೆ. ಗೋಡೆಗೆ ಗೋಡೆ ಅಂಟಿದ ಮೂವತ್ತು ಮನೆಯಲ್ಲಿ ಯಾರಿಗೂ ಗುಂಡಿ ತೋಡಲು ಜಾಗವಿಲ್ಲ. ಅಂಥವರಿಗೂ ದಾರಿಯಿದೆ. ಬ್ರೆಜಿಲ್ಲಿನ ನಟಾಲ್ ಎಂಬ ಊರಿನಲ್ಲಿ ಎಂಬತ್ತರ ದಶಕದ ಶುರುವಿಗೆ ಒಬ್ಬ ಎಂಜಿನಿಯರ್, ಜೋಸೆ ಕಾರ್ಲೋಸ್ ಮೆಲೊ, ಪೈಪನ್ನು ರಸ್ತೆಯ ನಡುವೆ ಹೂಳದೆ ಮನೆಗಳ ಹಿತ್ತಲಿಂದ ಹಿತ್ತಲಿಗೆ, ಇಲ್ಲವೇ ಅಂಗಳದ ಅಂಚಿನಲ್ಲಿ ಎಳೆಸಿದರು. ಅಲ್ಲಿ ಲಾರಿ ಓಡುವುದಿಲ್ಲವಾದ್ದರಿಂದ ಒಂದೂವರೆ ಅಡಿ ಆಳ ಸಾಕು. ನಾಲ್ಕಿಂಚಿನ ಪೈಪು, ಇನ್ನೂರು ಅಡಿಗೆ ಒಂದಡಿ ಇಳಿಜಾರು. ಅಗೆತ ಇಳಿಯಿತು, ಖರ್ಚು ಇಳಿಯಿತು. ಆದರೆ ಪೈಪು ಪಕ್ಕದವರ ಜಾಗದಲ್ಲಿ ಹೋಗಬೇಕು, ಅವರ ಕಡೆ ಕಟ್ಟಿಕೊಂಡರೆ ನನ್ನ ಬಚ್ಚಲು ಉಕ್ಕುತ್ತದೆ. ಆದ್ದರಿಂದ ಮೊದಲು ನೆರೆಹೊರೆ ಕೂತು ಮಾತಾಡಿ ಒಪ್ಪಿಕೊಂಡ ಮೇಲೆ ಗುದ್ದಲಿ ಹಿಡಿದರು. ಅದೇ ಹೊತ್ತಿಗೆ, 1980ರಲ್ಲಿ, ಕರಾಚಿಯ ಓರಂಗಿ ಬಡಾವಣೆಯಲ್ಲಿ ಅಖ್ತರ್ ಹಮೀದ್ ಖಾನ್ ಓಣಿ ಓಣಿಯ ಜನರನ್ನು ಕೂರಿಸಿ, ತಮ್ಮ ಓಣಿಯ ಪೈಪಿಗೆ ತಾವೇ ದುಡ್ಡು ಹಾಕಿ ತಾವೇ ಹೂಳುವಂತೆ ಮಾಡಿದರು. ದೊಡ್ಡ ಕೆಲಸವೇ. ಆದರೆ ಆ ಪೈಪುಗಳು ಬಹುಕಾಲ ಹರಿದದ್ದು ತೆರೆದ ನಾಲೆಗಳಿಗೆ, ಕೊನೆಯಲ್ಲಿ ಸ್ವಚ್ಛ ಮಾಡುವ ವ್ಯವಸ್ಥೆ ಜೊತೆಗೇ ಬರಲಿಲ್ಲ. ಆ ಅರ್ಧವನ್ನು ನಾವು ಬಿಡಬಾರದು.

ನಮ್ಮ ಮೂವತ್ತು ಮನೆಯ ಓಣಿಗೆ ದಿನಕ್ಕೆ ಆರು ಸಾವಿರ ಲೀಟರ್. ಅದನ್ನು ಒಂದು ದಿನಕ್ಕಿಂತ ತುಸು ಹೆಚ್ಚು ಹಿಡಿದಿಡುವ ಟ್ಯಾಂಕು, ಎಂಟು ಸಾವಿರ ಲೀಟರಿನದು, ಓಣಿಯ ತುದಿಯ ತಗ್ಗಿನಲ್ಲಿ. ಒಳಗೆ ಅಡ್ಡಗೋಡೆಗಳಿದ್ದು ನೀರು ಒಂದರ ಕೆಳಗೆ ನುಸುಳಿ ಇನ್ನೊಂದರ ಮೇಲೆ ಹತ್ತಿ ಹೋಗುವಾಗ ತಳದ ಕೆಸರಿನ ಜೀವಾಣುಗಳು ಕೊಳೆಯನ್ನು ತಿನ್ನುತ್ತವೆ. ಮುಂದೆ ಎರಡಡಿ ಜಲ್ಲಿಯ ಪಾತಿ, ಅದರ ಮೇಲೆ ಜೊಂಡು, ಕಾಬಾಳೆ. ನೀರು ಜಲ್ಲಿಯ ಕೆಳಗೇ ಹರಿಯುವುದರಿಂದ ಸೊಳ್ಳೆಗೆ ಜಾಗವಿಲ್ಲ. ಮೋಟಾರಿಲ್ಲ, ಬಿಲ್ಲಿಲ್ಲ. ಕೊನೆಗೆ ಬಂದ ನೀರು ತೆಂಗಿಗೆ, ಮೇವಿನ ಹುಲ್ಲಿಗೆ ಒಳ್ಳೆಯದು, ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ.

ಕಟ್ಟುವುದು ಸುಲಭ, ನೋಡಿಕೊಳ್ಳುವವರು ಬೇಕು. ನಮ್ಮ ಪಕ್ಕದ ಶಿರಸಿ ಸೀಮೆಯ ಗೋಬರ್ ಗ್ಯಾಸ್ ಇದಕ್ಕೆ ಪಾಠ. ದೇಶದ ಎಷ್ಟೋ ಕಡೆ ಸಬ್ಸಿಡಿಯಲ್ಲಿ ಕಟ್ಟಿದ ಗ್ಯಾಸ್ ಗುಂಡಿಗಳು ಪಾಳು ಬಿದ್ದಾಗ ಶಿರಸಿಯವು ಉರಿಯುತ್ತಲೇ ಇದ್ದವು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಕಾರಣ ಬರೆದಿಟ್ಟಿದೆ: ಕಟ್ಟಿದವರು ಸ್ಥಳೀಯರು, ಕೆಟ್ಟರೆ ಬಂದು ರಿಪೇರಿ ಮಾಡಿಕೊಡುವ ಮಾತು ಕೊಟ್ಟವರು, ಆ ಮಾತು ಉಳಿಸಿಕೊಂಡವರು. ಬಚ್ಚಲ ನೀರಿಗೂ ಹೀಗೊಬ್ಬ ಗೌಂಡಿ, ಓಣಿಗೊಬ್ಬ ಜವಾಬ್ದಾರ, ಮನೆಗಿಷ್ಟು ಎಂದು ತಿಂಗಳ ವಂತಿಗೆ ಬೇಕು. ಅದು ಪಂಚಾಯತಿ ಸಭೆಯ ಹೊತ್ತಿಗೆ ಹುಟ್ಟುವ ಒಪ್ಪಂದವಲ್ಲ. ಬೇಲಿಯ ಬದಿಯಲ್ಲಿ ಮಾತಾಡಿ ಪಕ್ವ ಮಾಡಿಕೊಂಡು ಸಭೆಗೆ ಒಯ್ಯಬೇಕಾದದ್ದು.

ಮುಂದಿನ ಗ್ರಾಮಸಭೆಗೆ ನೀವು ಹೋಗಿ. ಹೊಸ ಗಟಾರ ಎಲ್ಲಿಂದ ಎಲ್ಲಿಗೆ ಎಂದು ಯಾರಾದರೂ ಓದಿ ಹೇಳುವಾಗ, ಅದರ ಕೊನೆಯಲ್ಲಿ ನೀರು ಏನಾಗುತ್ತದೆ ಎಂದು ಎದ್ದು ನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಅದಕ್ಕೂ ಮುಂಚೆ, ಈ ಸಲದ ಮಳೆ ಹಿಡಿಯುವುದರೊಳಗೆ, ನಿಮ್ಮ ಸಂಡಾಸದ ಹಿಂದಿನ ಕವಲು ಚೌಕದ ಮುಚ್ಚಳ ಎತ್ತಿ ನೋಡಿ. ಎರಡೂ ಬಾಯಿ ತೆರೆದಿದ್ದರೆ ಒಂದನ್ನು ಮುಚ್ಚಿಸಿ.